ಕಜಾನ್ಲಕ್‌ನ ಹೌದು

ಬಲ್ಗೇರಿಯಾದ ಕಜಾನ್ಲಕ್ ಎಂಬ ಊರಿನ ಬಗ್ಗೆ ನೈರೋಬಿಯಲ್ಲಿ ನನಗಿಂತ ಹೆಚ್ಚು ತಿಳಿದವರು ಆ ವಾರ ಯಾರೂ ಇರಲಿಲ್ಲ. ಬೇರೆ ಯಾರಿಗೂ ಅದು ಬೇಕಾಗಿರಲಿಲ್ಲ, ಅಷ್ಟೇ.

ನನಗೆ ಬೇಕಾಗಿತ್ತು. ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿರುವ ನಮ್ಮ ಸಂಸ್ಥೆ ಇಲ್ಲಿನ ಸಣ್ಣ ಹೂಬೆಳೆಗಾರರಿಗೂ ಹೊರದೇಶದ ಊರುಗಳಿಗೂ ನಂಟು ಬೆಸೆಯುತ್ತದೆ. ಈ ಸಲ ನಂಟು ಕುದುರದಿದ್ದರೆ ನನ್ನ ಹುದ್ದೆ ರದ್ದು. ನಾನೂ ಮಗಳು ಅನಘಾಳೂ ಮೈಸೂರಿಗೆ ವಾಪಸ್. ಬೆಳಿಗ್ಗೆ ಕರೆನ್ ಬಡಾವಣೆಯ ಶಾಲೆಯ ಗೇಟಿನಲ್ಲಿ ಅವಳು, "ಅಮ್ಮಾ, ಪ್ಲೀಸ್ ಡೋಂಟ್ ಆರ್ಗ್ಯೂ ವಿತ್ ಎನಿವನ್ ಟುಡೇ," ಎಂದಿದ್ದಳು. ತಾಯಿಯ ನಾಲಿಗೆ ಮಗಳಿಗೆ ಗೊತ್ತು.

ಬಂದವರು ಕಜಾನ್ಲಕ್ ನಗರಸಭೆಯ ಸ್ಟೊಯಾನ್, ಅರವತ್ತು ದಾಟಿದವರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರ ಊರಿನ ಚರಿತ್ರೆಯನ್ನು ನಾನು ಅವರಿಗೇ ಹೇಳಿದೆ. ಹೆಸರಿನಲ್ಲೇ ಹಂಡೆ ಇದೆ, ತುರ್ಕಿ ಭಾಷೆಯಲ್ಲಿ ಕಜಾನ್ ಅಂದರೆ ಹಂಡೆ. ತುರ್ಕರ ಕಾಲದಿಂದಲೂ ಗುಲಾಬಿ ಎಸಳು ಬೇಯಿಸಿ ಅತ್ತರು ಇಳಿಸಿದ ಊರು. ಸೈನಿಕರು ನೆಲ ಅಗೆಯುವಾಗ ಬಣ್ಣಬಣ್ಣದ ಚಿತ್ರಗಳಿದ್ದ ಪುರಾತನ ಗೋರಿಯೊಂದು ಸಿಕ್ಕಿತು. ಹೂವು ಊರಿಗೆ ಹೆಸರು ತಂದಿತು, ಬಂದೂಕಿನ ಕಾರ್ಖಾನೆ ಅನ್ನ ಹಾಕಿತು. ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಬಹಳ ಜನ ಊರು ಬಿಟ್ಟರು.

ಒಂದೊಂದು ಮಾತಿಗೂ ಸ್ಟೊಯಾನ್ ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದರು. ನಮ್ಮ ಮುಖ್ಯಸ್ಥ ಆಲ್ಫ್ರೆಡ್ ಬೆವತುಹೋದ.

"ಎಲ್ಲ ತಪ್ಪು ಅಂತಿದಾರೆ, ನಿಲ್ಲಿಸಿ," ಎಂದು ಪಿಸುಗುಟ್ಟಿದ.

"ಹೌದು ಅಂತಿದಾರೆ, ಅವರ ದೇಶದಲ್ಲಿ ಹೌದಿಗೆ ಹೀಗೇ," ಎಂದೆ. ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತ ನಮ್ಮ ಸೋದರಮಾವನೂ ಹೀಗೇ ತಲೆದೂಗುವುದು. ಆಲ್ಫ್ರೆಡ್‌ಗೆ ಸೋದರಮಾವನನ್ನು ಎಲ್ಲಿಂದ ತಂದು ತೋರಿಸಲಿ?

ಕೊನೆಗೆ ಆಲ್ಫ್ರೆಡ್ ತನ್ನ ಪ್ರಸ್ತಾಪ ಇಟ್ಟ. ಅವರ ಊರಿನ ಗುಲಾಬಿ ಹಬ್ಬಕ್ಕೆ ಪ್ರತಿವರ್ಷ ಇಲ್ಲಿಂದ ಗುಲಾಬಿ ಕಳಿಸುವುದು. ಮದ್ದೂರಿಗೆ ಹೋಗಿ ವಡೆ ಮಾರಿದ ಹಾಗೆ. ಬೇಡ ಅಂತ ಮೊದಲೇ ಹೇಳಿದ್ದೆ, ಕೇಳುವವರು ಯಾರು?

ಸ್ಟೊಯಾನ್ ಮೇಜಿನ ಹೂದಾನಿಯಿಂದ ನಮ್ಮ ಬೆಳೆಗಾರರ ಒಂದು ಗುಲಾಬಿ ಎತ್ತಿ ಮೂಸಿದರು. ಇನ್ನೊಮ್ಮೆ ಮೂಸಿದರು. ಆಮೇಲೆ ಗದ್ದ ಮೇಲೆತ್ತಿ ಇಳಿಸಿ, "ಚ್" ಎಂದರು.

"ಒಪ್ಪಿದರು!" ಎಂದು ಆಲ್ಫ್ರೆಡ್ ಎದ್ದು ನಿಂತ. ನಮ್ಮ ಕಚೇರಿಯವರೆಲ್ಲ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಮ್ಮ ಊರಿಗೆ ಅಂದುಕೊಂಡು ಸ್ಟೊಯಾನ್ ಕೂಡ ತಟ್ಟಿದರು.

ಆ "ಚ್" ನನಗೆ ಗೊತ್ತಿತ್ತು. ಇನ್ನೊಂದು ತುತ್ತು ಅನ್ನ ಬೇಡ ಅನ್ನುವುದಕ್ಕೆ ನಮ್ಮಜ್ಜಿ ಹೀಗೇ ಗದ್ದ ಎತ್ತಿ ಲೊಚಗುಟ್ಟುತ್ತಿದ್ದರು. ಸುಮ್ಮನಿದ್ದರೆ ನನ್ನ ಹುದ್ದೆ ಉಳಿಯುತ್ತಿತ್ತು, ಬೆಳೆಗಾರರು ಕೊಯ್ದ ಹೂವು ಕೊಳ್ಳುವವರಿಲ್ಲದೆ ಬಾಡುವವರೆಗಾದರೂ. ಅನಘಾಳ ಮುಖ ಕಣ್ಣ ಮುಂದೆ ಬಂತು.

"ಒಪ್ಪಿಲ್ಲ," ಎಂದೆ. ಸ್ಟೊಯಾನ್ ಕಡೆ ತಿರುಗಿ, "ನೋ ಸ್ಮೆಲ್?" ಎಂದು ಕೇಳಿದೆ.

ಅವರು ಖುಷಿಯಾಗಿ ತಲೆಯನ್ನು ಅಡ್ಡಡ್ಡ ಆಡಿಸಿದರು. "ನೋ ಸ್ಮೆಲ್. ನೋ ಬೈಯಿಂಗ್."

ಚಪ್ಪಾಳೆ ನಿಂತಿತು. ಆಲ್ಫ್ರೆಡ್ ಕೂತುಕೊಂಡ.

"ಸುಮತಿ, ನಿಮಗೆ ಈ ಕೆಲಸ ಬೇಕಾ?"

ನಾನು ತಲೆ ಆಡಿಸಿದೆ, ನಮ್ಮ ಕಡೆಯ ರೀತಿ, ಅಡ್ಡಡ್ಡ.

"ಸರಿ, ಬೇಡವಂತೆ," ಎಂದ ಆಲ್ಫ್ರೆಡ್.

"ಬೇಕು! ಬೇಕು ಕಣಪ್ಪಾ!" ಎಂದು ಕೂಗಿದೆ. ಅವಸರದಲ್ಲಿ ಬಾಯಿಗೆ ಬಂದದ್ದು ಕನ್ನಡ. ಆ ಕೋಣೆಯಲ್ಲಿ ಅದು ಇನ್ಯಾರಿಗೂ ಬರುತ್ತಿರಲಿಲ್ಲ. ಸ್ಟೊಯಾನ್ ಒಬ್ಬರೇ ನನ್ನನ್ನು ನೋಡಿ, ನಿಧಾನವಾಗಿ, ತಲೆಯನ್ನು ಅಡ್ಡಡ್ಡ ಆಡಿಸಿದರು.