ಭಂಡಾರ ಬಿದ್ದ ಜೋಳ

ದುಂಡವ್ವನ ಮೂಗು ಭಾಳ ಚುರುಕು. ಯಾರಾದರೂ ಸುಮ್ಮನೆ ನಕ್ಕರೂ ಆಕೆಗೆ ಏನೋ ವಾಸನೆ ಬಡಿಯುತ್ತಿತ್ತು. ಅಂಥವಳ ಗುಡಿಸಲಿಗೆ ಬಬಲೇಶ್ವರದ ಸಾಹುಕಾರ ಶಿವಯೋಗೆಪ್ಪ ತಾನೇ ಹುಡುಕಿಕೊಂಡು ಬಂದು, "ನಿನ್ನ ಮಗ ಬೀರಣ್ಣನ್ನ ಓಡಾಕ ಕಳಸಬೇಕವ್ವಾ" ಅಂದರೆ ಬಿಟ್ಟಾಳೆಯೇ?

"ಯಾಕ್ರಿ? ಯಾರ ಬೆನ್ನ ಹತ್ಯಾರ?"

ಎಪ್ಪತ್ಮೂರನೇ ಇಸವಿಯ ಬರಗಾಲದ ಬೇಸಿಗೆ ಅದು. ಕನಮಡಿ ರಸ್ತೆಗೆ ಕಲ್ಲು ಒಡೆಯುವವರ ಮಕ್ಕಳಿಗೆ, ಹಸಿದು ಬಂದವರಿಗೆ ತಿಕೋಟಾದ ಶಾಲೆಯ ಬಯಲಿನಲ್ಲಿ ಜೋಳದ ನುಚ್ಚು ಕಾಸಿ ಹಾಕುತ್ತಿದ್ದರು. ಜೋಳ ತಳ ಮುಟ್ಟಿತ್ತು. ಅದಕ್ಕೇ ಶಿವಯೋಗೆಪ್ಪ ಒಂದು ಶರ್ಯತ್ತು ಹೂಡಿದ್ದ. ತಿಕೋಟಾದಿಂದ ವಿಜಾಪುರದ ಗೋಳಗುಮ್ಮಟದವರೆಗೆ ಓಟ. ಒಬ್ಬೊಬ್ಬ ಓಟಗಾರನ ಹೆಸರಿನಲ್ಲಿ ಒಬ್ಬೊಬ್ಬ ವ್ಯಾಪಾರಿ ಜೋಳದ ಚೀಲ ತಂದು ತಿಕೋಟಾದ ಚಾವಡಿಯಲ್ಲಿ ಇಡಬೇಕು. ಅವನು ಗುಮ್ಮಟ ಮುಟ್ಟಿದರೆ ಜೋಳ ಬಡವರ ಪಾಲು, ನಡುದಾರಿಯಲ್ಲಿ ಕೂತರೆ ವ್ಯಾಪಾರಿಗೆ ವಾಪಸ್ಸು. ಕುರಿಯ ಹಿಂದೆ ಓಡಿಯೇ ಬೆಳೆದ ಬೀರಣ್ಣನ ಹೆಸರಿನಲ್ಲಿ ಶಿವಯೋಗೆಪ್ಪನೇ ಚೀಲ ಇಡುವವನಿದ್ದ.

"ಕೊಡೂದಿದ್ರ ಸುಮ್ನ ಕೊಡ್ರಲಾ ಸಾವ್ಕಾರ್ರ. ಓಡೂದು ಯಾಕ?"

"ಸುಮ್ನ ಕೇಳಿದ್ರ ಯಾವ ವ್ಯಾಪಾರಿ ಕೊಡ್ತಾನವ್ವಾ? ಶರ್ಯತ್ತ ಅಂದ್ರ ನೋಡು, ನಾ ಮುಂದ, ನೀ ಮುಂದ ಅಂತಾರ."

ದುಂಡವ್ವ ಹೂಂ ಅಂದಳು, ಆದರೆ ಹೊಟ್ಟೆಯೊಳಗಿನ ಸಂಶಯ ಹೋಗಲಿಲ್ಲ. ಮಗ ಬಿದ್ದರೆ ಲಾಭ ಯಾರಿಗೆ? ಈ ಸಾಹುಕಾರನಿಗೇ! ಕೊಡುವವರ ಕೈಯನ್ನು ಆಕೆ ಎಂದೂ ನಂಬಿದವಳಲ್ಲ. ನುಚ್ಚಿನ ಸಾಲಿನಲ್ಲಿ ಊರಿನ ಅರ್ಧ ಜನ ಕೂತರೂ ಆಕೆ ಕೂತಿರಲಿಲ್ಲ. ಮನೆಯಲ್ಲಿದ್ದ ರೊಟ್ಟಿಯನ್ನು ಮಗನಿಗೆ ಹಾಕಿ, "ನಾ ಬೋರವ್ವನ ಮನ್ಯಾಗ ಉಂಡ ಬಂದೇನಿ" ಅನ್ನುತ್ತಿದ್ದಳು. ನೆರೆಯ ಬೋರವ್ವನ ಮನೆಯ ಒಲೆ ಹೊತ್ತಿದ್ದು ಯಾವಾಗಲೋ, ಆ ಮಾತು ಬೇರೆ.

ಓಟದ ಮುಂಜಾನೆ ಮಗನ ಕಿವಿಯಲ್ಲಿ ಒಂದೇ ಸಮನೆ ಊದಿದಳು. "ದಾರ್ಯಾಗ ಯಾರ ನೀರ ಕೊಟ್ರೂ ಕುಡೀಬ್ಯಾಡ. ಅದ್ರಾಗ ಏನ ಹಾಕಿರ್ತಾರೋ ಯಾರಿಗೆ ಗೊತ್ತು. ಸಾವ್ಕಾರ ಸೈಕಲ್ ಹೊಡ್ಕೊಂಡ ಬಾಜೂಕ ಬರ್ತಾನಂತ, ಅವನ ಮ್ಯಾಲ ಒಂದ ಕಣ್ಣ ಇರಲಿ."

"ಯವ್ವಾ, ಓಡ್ಲೋ, ಅವರ ಮಾರಿ ನೋಡ್ಕೋಂತ ಕುಂದರ್ಲೋ?" ಅಂದ ಬೀರಣ್ಣ.

ಓಟಗಾರರು ಧೂಳೆಬ್ಬಿಸಿ ಹೋದರು. ನೋಡಲು ಬಂದವರು ಚದುರಿದರು. ದುಂಡವ್ವ ಮಾತ್ರ ಚಾವಡಿಗೆ ಹೋಗಿ ಬೀರಣ್ಣನ ಹೆಸರಿನ ಚೀಲಗಳಿಗೆ ಬೆನ್ನು ಹಚ್ಚಿ ಕೂತಳು. ಕೈಯಿಂದ ಒತ್ತಿ ನೋಡಿದಳು. ಹೊಟ್ಟು ತುಂಬಿದ್ದಾರೋ ಏನೋ! ಹೊಲಿಗೆಯ ಸಂದಿಯಿಂದ ನಾಲ್ಕು ಕಾಳು ಹೊರತೆಗೆದು ಹಲ್ಲಿಗೆ ಹಾಕಿದಳು. ಒಳ್ಳೆಯ ಜೋಳವೇ. ಒಳ್ಳೆಯ ಜೋಳವನ್ನು ಯಾರು ಸುಮ್ಮನೆ ಕೊಡುತ್ತಾರೆ ಎಂಬ ಸಂಶಯ ಇನ್ನಷ್ಟು ಬಲಿಯಿತು.

ಬಿಸಿಲು ಏರುವ ಮೊದಲೇ ಗಾಡಿಯೊಂದು ಬಂದು ನಿಂತಿತು. ಶಿವಯೋಗೆಪ್ಪನ ಆಳು ಮಲಕಾಜಪ್ಪ ಇಳಿದು ನೇರ ಬಂದು ಒಂದು ಚೀಲಕ್ಕೆ ಕೈ ಹಾಕಿದ.

"ಏ ಮಲಕಾಜ್ಯಾ, ಎಲ್ಲಿಗೊಯ್ತೀಯೋ? ನನ್ನ ಮಗ ಇನ್ನಾ ಅರ್ಧ ದಾರಿ ಮುಟ್ಟಿಲ್ಲ!"

"ಸಾವ್ಕಾರ್ರು ಹೇಳ್ಯಾರಬೇ. ಸರಿ ಆ ಕಡೆ."

"ಹೇಳೇ ಹೇಳ್ತಾನ! ಮುಟ್ಟಿದ್ರೂ ಅವಂದ, ಬಿದ್ರೂ ಅವಂದ! ಸುಡ್ಲಿ ನಿಮ್ಮ ಧರ್ಮಾ!"

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಕೇಳುವಷ್ಟು ತಾಳ್ಮೆ ಎಲ್ಲಿತ್ತು? ದುಂಡವ್ವ ಸೆರಗಿನ ಗಂಟು ಬಿಚ್ಚಿ, ಅಮೋಘಸಿದ್ಧ ದೇವರ ಭಂಡಾರದ ಪುಡಿಯನ್ನು ಮುಷ್ಟಿ ತುಂಬ ತೆಗೆದು ಬೀರಣ್ಣನ ಹೆಸರಿನ ಅಷ್ಟೂ ಚೀಲಗಳ ಮೇಲೆ ತೂರಿಬಿಟ್ಟಳು. ಗೋಣಿಯೆಲ್ಲ ಅರಿಷಿಣ ಹಳದಿಯಾಯಿತು. ಮಲಕಾಜಪ್ಪ ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದುಕೊಂಡ. ದೇವರ ಭಂಡಾರ ಬಿದ್ದ ವಸ್ತು ದೇವರದು. ಅದನ್ನು ಒಯ್ಯುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಅಯ್ಯ ಯವ್ವಾ, ಎಂಥಾ ಕೆಲಸಾ ಮಾಡಿದಿಬೇ!" ಮಲಕಾಜಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. "ಗಿರಣಿಗೆ ಒಯ್ಯಾಕ ಬಂದಿದ್ನಿ. ನಿನ್ನೀಗೇ ನುಚ್ಚ ತೀರೇತಿ, ಸಾಲ್ಯಾಗ ಹುಡುಗೂರು ತಾಟ ಹಿಡ್ಕೊಂಡ ಕುಂತಾವ. ಬೀರಣ್ಣ ಮುಟ್ಟಲಿ ಬಿಡಲಿ, ನಮ್ಮ ಜ್ವಾಳ ಅವಕ್ಕ ಹಾಕು, ಉಳದ ವ್ಯಾಪಾರಿಗೋಳಿಗೆ ಮಾತ್ರ ಹೇಳಬ್ಯಾಡ ಅಂದಿದ್ರು ಸಾವ್ಕಾರ್ರು."

ದುಂಡವ್ವ ಹಳದಿ ಮೆತ್ತಿದ ಚೀಲಗಳ ಕಡೆ ತಿರುಗಿದಳು. ಉಳಿದ ವ್ಯಾಪಾರಿಗಳ ಚೀಲಗಳನ್ನು ಓಟ ಮುಗಿಯುವವರೆಗೆ ಮುಟ್ಟುವಂತಿರಲಿಲ್ಲ. ಇವುಗಳನ್ನು ಇನ್ನೆಂದೂ ಮುಟ್ಟುವಂತಿರಲಿಲ್ಲ. ಚಾವಡಿಯ ಎದುರಿಗೇ ಶಾಲೆ. ಅಲ್ಲಿ ಯಾವುದೋ ಕೂಸು ಅಳುತ್ತಿದ್ದುದು ಈಗ ಕಿವಿಗೆ ಬಿತ್ತು. ಮುಂಜಾನೆಯಿಂದ ಅಳುತ್ತಿತ್ತೇನೋ, ಆಕೆ ಚೀಲ ಕಾಯುವ ಗದ್ದಲದಲ್ಲಿ ಕೇಳಿಸಿಕೊಂಡಿರಲಿಲ್ಲ.

ದುಂಡವ್ವ ಅಮೋಘಸಿದ್ಧನ ಗುಡಿಯ ಪೂಜಾರಿ ಅಮೋಘಿಯ ಮನೆಗೆ ಓಡಿದಳು. ಎಷ್ಟೋ ವರ್ಷಗಳಿಂದ ಓಡಿರದ ಕಾಲು, ಮೂಲೆಗೊಮ್ಮೆ ಗೋಡೆ ಹಿಡಿದು ನಿಲ್ಲಬೇಕಾಯಿತು. ಮುದುಕ ಅಮೋಘಿ ಎಲ್ಲ ಕೇಳಿಸಿಕೊಂಡ, ಬೈಯಲಿಲ್ಲ.

"ದೇವರಿಗೆ ಕೊಟ್ಟಿದ್ದು ಪ್ರಸಾದ ಆಗಿ ತಿರುಗಿ ಬರ್ತೈತಿ ದುಂಡವ್ವಾ. ಜ್ವಾಳ ಒಡಸ್ರಿ, ಕಾಸ್ರಿ. ಆದ್ರ ಭಂಡಾರ ಒಗದಾಕಿ ನೀನು. ಎಲ್ಲಾರ ಮುಂದ ಕುಂತು ಮದಲನೇ ತುತ್ತ ನೀನ ಉಣ್ಣಬೇಕು. ನೀ ಉಣ್ಣೂತನಕ ಮತ್ತೊಬ್ಬರು ಮುಟ್ಟೂಹಂಗಿಲ್ಲ."

"ನಾ... ಆ ಸಾಲಿನ್ಯಾಗ?"

"ಮತ್ತೆಲ್ಲಿ?"

ಗಿರಣಿ ತಿರುಗಿತು, ಹಂಡೆ ಕುದಿಯಿತು. ಮಧ್ಯಾಹ್ನ ದುಂಡವ್ವ ಶಾಲೆಯ ಬಯಲಿನಲ್ಲಿ ಸಾಲಿನ ತುದಿಗೆ ಕೂತಳು. ಮಲಕಾಜಪ್ಪ ತಾಟಿಗೆ ಒಂದು ಸೌಟು ನುಚ್ಚು ಹಾಕಿದ. ಆಕೆಯ ಕೈ ಏಳಲೊಲ್ಲದು. ಎಲ್ಲರೂ ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಕಳ್ಳಗಣ್ಣಿನಿಂದ ಸಾಲನ್ನು ನೋಡಿದಳು. ಯಾರೂ ನಗುತ್ತಿರಲಿಲ್ಲ. ಮಕ್ಕಳ ಕಣ್ಣುಗಳೆಲ್ಲ ಆಕೆಯ ತಾಟಿನ ಮೇಲಿದ್ದವು. "ಲಗೂನ ತಿನ್ನಬೇ ಆಯಿ" ಅಂತು ಪಕ್ಕದ ಹುಡುಗಿ.

ಕಣ್ಣು ಮುಚ್ಚಿ ಒಂದು ತುತ್ತು ಬಾಯಿಗಿಟ್ಟಳು. ಸಾಲಿನುದ್ದಕ್ಕೂ ಸೌಟಿನ ಸಪ್ಪಳ ಎದ್ದಿತು.

ಅಷ್ಟರಲ್ಲಿ ಓಟಗಾರರನ್ನು ಹೊತ್ತ ಟ್ರಕ್ಕು ಬಂತು. ಬೀರಣ್ಣ ಕುಂಟುತ್ತ ಇಳಿದ, ಕೊರಳಲ್ಲಿ ಹಾರ. "ಯವ್ವಾ, ಗುಮ್ಮಟ ಮುಟ್ಟಿದ್ನಿ! ಸಾವ್ಕಾರ್ರು ದಾರೀ ತುಂಬ ನೀರ ಕುಡಸ್ಕೋಂತ..." ಅಂದವನು ಅವ್ವ ಕೂತ ಜಾಗ ಕಂಡು ಅಲ್ಲೇ ನಿಂತ. ಆಕೆಯ ತಾಟು ಆಗಲೇ ಬರಿದಾಗಿತ್ತು. ಬೆರಳುಗಳನ್ನೂ ನೆಕ್ಕಿದ್ದಳು.

"ಬೋರವ್ವನ ಮನ್ಯಾಗ ಉಂಡೇನಿ ಅಂತಿದ್ದಿಯಲ್ಲಬೇ?" ಅಂದ.

ದುಂಡವ್ವ ಮಗನ ಮುಖ ನೋಡಲಿಲ್ಲ. ದೇವರಿಗೆ ಒಂದು ತುತ್ತು ಸಾಕಾಗಿತ್ತು. ಆಕೆ ತಾಟನ್ನು ಮತ್ತೆ ಮುಂದಕ್ಕೆ ಚಾಚಿದಳು.

"ಮಲಕಾಜಪ್ಪಾ, ಇನ್ನೊಂದೀಟ ಹಾಕಪಾ."