ಬಲಗೈಯ ಚೀಲ

ಚಿಟ್ಟಿಗೆ ಮೂರು ವರ್ಷ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಎಡಗೈ ಸದಾ ಮುಷ್ಟಿ ಬಿಗಿದೇ ಇರುತ್ತಿತ್ತು, ಎಡಗಾಲು ಕೊಂಚ ಎಳೆಯುತ್ತಿತ್ತು. ಥೆರಪಿಯ ಮೇಡಂ ಅವಳನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಹೆಬ್ಬೆರಳಿನ ಬುಡ ನೀವುತ್ತ ಆ ಮುಷ್ಟಿಯನ್ನು ಮೆಲ್ಲಗೆ ಬಿಡಿಸುತ್ತಿದ್ದರು. ಆಮೇಲೆ ಬಲಗೈಗೊಂದು ಬಟ್ಟೆಯ ಚೀಲ ತೊಡಿಸಿದರು. ಜಾಣ ಕೈ ಸುಮ್ಮನಿದ್ದರೆ ಸೋಮಾರಿ ಕೈ ಕೆಲಸ ಕಲಿಯುತ್ತದೆ ಎಂಬ ಉಪಾಯ.

"ಮನೇಲೂ ಮಾಡಿ. ಆದ್ರೆ ಕೂತು ಆಡುವಾಗ ಮಾತ್ರ, ನೀವು ಪಕ್ಕದಲ್ಲೇ ಇರ್ಬೇಕು. ಓಡಾಡುವಾಗ ಖಂಡಿತ ಬೇಡ," ಎಂದು ತಾಯಿಗೆ ಒತ್ತಿ ಹೇಳಿದ್ದರು.

ಆ ವಾರವೇ ಎಡಗೈ ಒಂದು ಮರದ ತುಂಡನ್ನು ಎತ್ತಿತು. ತಾಯಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟರಿಂದಲೇ ಇಷ್ಟಾದರೆ ಇನ್ನಷ್ಟು ಮಾಡಿದರೆ ಎಷ್ಟಾದೀತು! ಚೀಲ ಬೆಳಗ್ಗೆಯಿಡೀ ಕೈಯಲ್ಲೇ ಉಳಿಯತೊಡಗಿತು. "ಸಾಕು ಬಿಡಮ್ಮ, ಮಗು ಸುಸ್ತಾಗಿದೆ," ಎಂದ ಅತ್ತೆಗೆ, "ನಿಮಗೆ ಗೊತ್ತಾಗಲ್ಲ ಅತ್ತೆ," ಎಂದಳು.

ಒಂದು ದಿನ ಅವಳು ಒಲೆಯ ಮುಂದಿದ್ದಾಗ ಚಿಟ್ಟಿ ನಡುಮನೆಯಲ್ಲಿ ಓಡುತ್ತ ಎಡವಿದಳು. ಊರಲು ಕೈಯಿರಲಿಲ್ಲ, ಮುಖವೇ ನೆಲಕ್ಕೆ ಬಡಿಯಿತು. ತುಟಿ ಸೀಳಿ, ಮುಂದಿನ ಹಲ್ಲು ಮುರಿಯಿತು. ತಾಯಿ ಓಡಿಬಂದು ಮೊದಲು ಮಾಡಿದ ಕೆಲಸ ರಕ್ತ ಒರೆಸಿದ್ದಲ್ಲ, ಚೀಲ ಕಿತ್ತು ದಿಂಬಿನ ಕೆಳಗೆ ತುರುಕಿದ್ದು. ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನು ನೋಡಿದರು.

ಕೆಲಸದಿಂದ ಬಂದ ಗಂಡ ಕೂಗಾಡಿದ. "ಯಾರು ನೋಡ್ಕೊತಿದ್ರು ಮಗೂನ?"

ಅವಳು ಮಗುವಿನ ರಕ್ತದ ಅಂಗಿಯನ್ನು ನೀರಿಗೆ ಅದ್ದಿದಳು.

"ನಾನೇ ಕಣೋ. ತೂಕಡಿಸಿಬಿಟ್ಟೆ," ಎಂದರು ಅತ್ತೆ.

ಅವನು ಹೆತ್ತ ತಾಯಿಗೆ ಆಡಬಾರದ ಮಾತನ್ನೆಲ್ಲ ಆಡಿದ. ತಾನು ಮಾಡಿದ್ದನ್ನು ಅತ್ತೆ ಉಣ್ಣುತ್ತಿದ್ದರೂ ಅವಳು ತಲೆಯೆತ್ತದೆ ಮಗುವಿನ ಅಂಗಿಯ ಕಲೆ ಉಜ್ಜುತ್ತ ಕೂತಳು.

ಗಾಯ ಮಾಗಿದ ಮೇಲೆ ಅತ್ತೆ, ಸೊಸೆ, ಮಗು ಮೂವರೂ ಥೆರಪಿಗೆ ಹೋದರು. ಮೇಡಂ ಕೈಯಲ್ಲಿ ಚೀಲ ಕಂಡದ್ದೇ ತಡ, ಚಿಟ್ಟಿ ಕಿಟಾರನೆ ಕಿರುಚಿ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟಳು.

"ಮನೇಲಿ ಏನಾಯ್ತು?" ಎಂದರು ಮೇಡಂ.

"ನಾನು ಸ್ವಲ್ಪ..." ಅತ್ತೆ ಶುರುಮಾಡಿದರು.

"ಅತ್ತೆ ಅಲ್ಲ ಮೇಡಂ, ನಾನು. ಬೇಗ ಸರಿಹೋಗ್ಲಿ ಅಂತ ಬೆಳಗ್ಗೆಯಿಡೀ ಹಾಕಿಟ್ಟಿದ್ದೆ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಚೀಲ ಇನ್ನು ಬೇಡ. ಮೊದಲು ಹೆದರಿಕೆ ಹೋಗ್ಬೇಕು. ಅವಳಾಗೇ ಕೊಡೋವರೆಗೂ ನೀವು ಎಡಗೈ ಮುಟ್ಬೇಡಿ," ಎಂದಷ್ಟೇ ಹೇಳಿದರು.

ದಾರಿಯಲ್ಲಿ ಅವಳು ಕೇಳಿದಳು, "ನೀವ್ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ ಅತ್ತೆ?"

"ಅವನ ಬೈಗುಳ ನಂಗೇನು ಹೊಸದಾ? ಮಾತು ಕಲಿಸಿದೋಳೇ ನಾನು." ಅತ್ತೆ ನಕ್ಕರು. ಆಮೇಲೆ ಮೆಲ್ಲಗೆ, "ಆದ್ರೆ ಅವನಿಗೆ ನೀನೇ ಹೇಳ್ಬೇಕು," ಎಂದರು.

ಹೇಳಿದಳು. ಗಂಡ ಊಟ ಬಿಟ್ಟೆದ್ದು, ತನ್ನ ತಾಯಿಯ ಕೋಣೆಯ ಬಾಗಿಲಲ್ಲಿ ಒಳಗೂ ಹೋಗದೆ ಹೊರಗೂ ಬಾರದೆ ನಿಂತುಬಿಟ್ಟ.

ಚಿಟ್ಟಿ ಮೊದಲು ಮೇಡಂಗೆ ಕೈ ಕೊಟ್ಟಳು. ಆಮೇಲೆ ಅಜ್ಜಿಗೆ, ಅಪ್ಪನಿಗೆ. ತಾಯಿ ಹತ್ತಿರ ಬಂದರೆ ಮಾತ್ರ ಮುಷ್ಟಿ ಮತ್ತೆ ಬಿಗಿಯುತ್ತಿತ್ತು. ಅವಳು ಪಕ್ಕದಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ತಿಂಗಳುಗಟ್ಟಲೆ ಕಾದಳು. ಒಂದು ಮಧ್ಯಾಹ್ನ ಚಿಟ್ಟಿ ಬಾಳೆಹಣ್ಣು ಮೆತ್ತಿಕೊಂಡ ಎಡಗೈ ಚಾಚಿ, "ತೊಳಿ," ಎಂದಳು. ಅವಳು ಅದನ್ನು ನಲ್ಲಿಯ ಕೆಳಗೆ ಹಿಡಿದು ಒಂದೊಂದೇ ಬೆರಳು ತೊಳೆದಳು. ಮಗು ಕೈ ಎಳೆದುಕೊಳ್ಳಲಿಲ್ಲ.