ನೂರರಲ್ಲಿ ಎಪ್ಪತ್ತು

ಸೊಂಟದಿಂದ ಹೊರಟು ಎಡಗಾಲಿನ ಹಿಮ್ಮಡಿಯವರೆಗೆ ಸೆಳೆಯುವ ಸಯಾಟಿಕಾ ಶುರುವಾಗಿ ಐದು ವಾರವಾಗಿತ್ತು. ಹದಿನೆಂಟು ವರ್ಷ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದ ಡ್ರೈವರನಿಗೆ ಈಗ ಕೂರಲಾಗದೆ ಊಟವೂ ನಿಂತುಕೊಂಡೇ. ಅದರ ಮೇಲೆ ಡಿಪೋದ ಹಾಳು ನಿಯಮ ಬೇರೆ. ಕೆಲಸಕ್ಕೆ ಮರಳುವ ತಾರೀಖನ್ನು ರಜೆಯ ಫಾರಂನಲ್ಲಿ ಡಾಕ್ಟರೇ ಬರೆಯಬೇಕು. ತಾರೀಖಿನ ಆ ಚೌಕ ಖಾಲಿ ಬಿಟ್ಟರೆ ರೂಟು ಇನ್ನೊಬ್ಬನ ಪಾಲು.

ಡಾಕ್ಟರಮ್ಮ ತಾರೀಖೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದರು.

"ನಿಮ್ಮಂಥ ನೋವಿದ್ದವರ ಮೇಲೆ ಸಂಶೋಧನೆ ಆಗಿದೆ. ಅದರ ಪ್ರಕಾರ, ನೂರರಲ್ಲಿ ಸುಮಾರು ಎಪ್ಪತ್ತು ಜನ ಮೂರು ತಿಂಗಳಲ್ಲಿ ಸುಧಾರಿಸ್ತಾರೆ."

"ಇಲ್ಲಿ ರೋಗಿ ನಾನೊಬ್ಬನೇ ಮೇಡಂ. ನನ್ನ ಕಥೆ ಹೇಳಿ."

"ಅದು ಯಾರಿಗೂ ಗೊತ್ತಿಲ್ಲ."

"ಆ ನೂರರಲ್ಲಿ ಡ್ರೈವರುಗಳು ಎಷ್ಟು ಜನ?"

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಹುಡುಕಿದರು. "ಬರೆದಿಲ್ಲ," ಎಂದರು. ಪಾಪ, ಸುಳ್ಳು ಹೇಳಲು ಬಾರದ ಹೆಂಗಸು.

ಡ್ರೈವರನಿಗೆ ಮೈಯೆಲ್ಲ ಉರಿದುಹೋಯಿತು. ಬಸ್ಸು ನೂರರಲ್ಲಿ ಎಪ್ಪತ್ತು ದಿನ ಎಂಟಕ್ಕೆ ಹೊರಡುತ್ತದೆ ಎಂದು ಇವನು ಬೋರ್ಡು ಹಾಕಿದ್ದರೆ ಜನ ಸುಮ್ಮನೆ ಬಿಡುತ್ತಿದ್ದರೇ? ಬಾಯಿ ತೆರೆಯುವಷ್ಟರಲ್ಲಿ ಜೊತೆಗೆ ಬಂದಿದ್ದ ಹೆಂಡತಿ ಅವನ ತೋಳು ಅದುಮಿ, "ಅಷ್ಟನ್ನಾದ್ರೂ ಬರೆದುಕೊಡಿ ಮೇಡಂ," ಎಂದು ಗೋಗರೆದಳು. ಎರಡು ಬೆರಳಗಲದ ಆ ಚೌಕದೊಳಗೆ ಡಾಕ್ಟರಮ್ಮ ಅಕ್ಷರ ಇರುಕಿಸಿದರು: ಮೂರು ತಿಂಗಳು, ನೂರಕ್ಕೆ ಎಪ್ಪತ್ತು ಸಾಧ್ಯತೆ.

ಡಿಪೋ ಮ್ಯಾನೇಜರು ಅದನ್ನು ಎರಡೆರಡು ಸಲ ಓದಿದರು.

"ಏನಯ್ಯಾ ಇದು, ಹವಾಮಾನ ವರದಿನಾ? ನೀನು ಎಪ್ಪತ್ತರಲ್ಲೋ, ಮೂವತ್ತರಲ್ಲೋ?"

"ಎಪ್ಪತ್ತರಲ್ಲೇ ಸಾರ್."

"ಮತ್ಯಾಕೆ ಕಂಬದ ಹಾಗೆ ನಿಂತಿದ್ದೀಯ? ಕೂತ್ಕೋ."

ರೂಟು ಕೈತಪ್ಪುವ ಭಯಕ್ಕೆ ಡ್ರೈವರ ಕೂತ. ಕೂತದ್ದೇ ತಡ, ಕಾಲಿಗೆ ಬೆಂಕಿ ಹತ್ತಿತು. ಮ್ಯಾನೇಜರಿಗೇನು ಅವಸರ? ಫೋನಿನಲ್ಲಿ ಯಾರ ಜೊತೆಗೋ ಹಳೇ ಟೈರಿನ ಬಗ್ಗೆ ಜಗಳವಾಡಿದರು, ಟೀ ತರಿಸಿ ಕುಡಿದರು, ಕನ್ನಡಕ ಒರೆಸಿದರು. ಡ್ರೈವರ ಹಲ್ಲು ಕಚ್ಚಿಕೊಂಡು, ನಗುಮುಖ ಮಾಡಿಕೊಂಡು, ಒಂದಿಷ್ಟೂ ಮಿಸುಕಾಡದೆ ಕೂತೇ ಇದ್ದ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತು.

ಕೊನೆಗೆ ಮ್ಯಾನೇಜರು ಡಾಕ್ಟರಮ್ಮನ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ತಾರೀಖು ಬರೆದು ಸಹಿ ಹಾಕಿದರು.

"ಅರ್ಧ ಗಂಟೆಯಿಂದ ಆರಾಮಾಗಿ ಕೂತಿದ್ದೀಯಲ್ಲಯ್ಯ. ನಿನಗ್ಯಾಕೆ ಮೂರು ತಿಂಗಳು? ನಾಳೆ ಮೊದಲನೇ ಟ್ರಿಪ್ಪು ನಿಂದೇ."

ರೂಟು ಉಳಿಯಿತು. "ಸರಿ ಸಾರ್," ಎಂದ ಡ್ರೈವರ. ಕುರ್ಚಿಯಿಂದ ಏಳಲು ಮಾತ್ರ ಅವನಿಗೆ ಆಗಲಿಲ್ಲ.